ಮಾಲಗಾಕ್ಕೆ ಹೋದ ತೊಟ್ಟಿಲು

ಬಮ್ಮಿಗಟ್ಟಿ

ಬಿಸಿಲು ಕಾಯಿಸಿಕೊಳ್ಳಲು ಜನ ವಿಮಾನ ಹತ್ತುತ್ತಾರೆ ಎಂಬ ಮಾತನ್ನು ನಾನು ಬಹಳ ದಿನ ನಂಬಿರಲಿಲ್ಲ. ಸ್ಪೇನ್ ದೇಶದ ಮಾಲಗಾ ಎಂಬ ಕಡಲತೀರದ ಊರಿನ ಬಗ್ಗೆ ಓದಲು ಕೂತಾಗ, ಅಲ್ಲಿಗೆ ಹೋಗಿ ಬಂದವರೆಲ್ಲ ಮೊದಲು ಹೊಗಳಿದ್ದು ಬಿಸಿಲನ್ನು. ಸಮುದ್ರದ ಸರದಿ ಆಮೇಲೆ. ಏಪ್ರಿಲ್‌ನಲ್ಲಿ ನವಲಗುಂದದ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾದವರ ಕಿವಿಗೆ ಈ ಹೊಗಳಿಕೆ ಹೇಗೆ ಬೀಳುತ್ತದೆ ಎಂದು ಅವರಿಗೆ ಯಾರೂ ಹೇಳಿದಂತಿಲ್ಲ.

ನಾವು ಹೊರಟಿದ್ದು ಬಿಸಿಲಿಗಲ್ಲ, ಕೂಸಿಗೆ. ನಮ್ಮ ದೊಡ್ಡಪ್ಪನ ಮಗಳು ಸುಮಕ್ಕ ಧಾರವಾಡದಲ್ಲಿ ಕೃಷಿ ಓದಿ, ಮಾವಿನ ಗಿಡಗಳ ಮೇಲೆ ಸಂಶೋಧನೆ ಮಾಡಲು ಮಾಲಗಾಕ್ಕೆ ಹೋದವಳು. ಮಾವನ್ನು ಓದಲು ಧಾರವಾಡ ಬಿಟ್ಟು ಸ್ಪೇನಿಗೆ ಯಾಕೆ ಹೋಗಬೇಕು ಎಂಬುದು ನಮ್ಮೂರು ಬಮ್ಮಿಗಟ್ಟಿಯ ಕಟ್ಟೆಯ ಮೇಲೆ ಇನ್ನೂ ಇತ್ಯರ್ಥವಾಗಿಲ್ಲ. ಆಕೆಯ ಗಂಡ ಮಹಾಂತೇಶ ಭಾವ ಅಣ್ಣಿಗೇರಿಯವರು. ಅಲ್ಲಿಯೇ ಮಣ್ಣಿನ ಪರೀಕ್ಷೆಯ ಕೆಲಸ. ಅವರಿಗೆ ಹೆಣ್ಣು ಕೂಸು ಹುಟ್ಟಿತ್ತು. ಅದನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ ಮಾತ್ರ ಬಾಕಿ ಉಳಿದಿತ್ತು. ಯಾಕೆಂದರೆ ತೊಟ್ಟಿಲು ತವರಿನಿಂದ ಹೋಗಬೇಕು. ಕಲಘಟಗಿ ತಾಲೂಕಿನಲ್ಲಿ ಹುಟ್ಟಿದ ಹೆಣ್ಣುಮಗಳಿಗೆ ತವರಿನ ತೊಟ್ಟಿಲು ಎಂದರೆ ಬಣ್ಣದ ಕಲಘಟಗಿ ತೊಟ್ಟಿಲೇ.

ಹೊರಟವರು ಇಬ್ಬರು. ಒಬ್ಬಳು ಸುಮಕ್ಕನ ತಾಯಿ, ಅಂದರೆ ನನ್ನ ದೊಡ್ಡವ್ವ ಗಿರಿಜವ್ವ. ಇನ್ನೊಬ್ಬಳು ನಾನು, ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿರುವವಳು, ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ಢಾಲು ಹೊತ್ತು ತಂದು ಮನೆಯ ಶೋಕೇಸು ತುಂಬಿಸಿದವಳು. ಇಂಗ್ಲಿಷ್ ಬರುತ್ತದೆ, ಬಾಯಿ ಜೋರಿದೆ ಎಂಬ ಎರಡು ಅರ್ಹತೆಗಳ ಮೇಲೆ ನನ್ನ ಆಯ್ಕೆಯಾಗಿತ್ತು.

ತಯಾರಿಯ ಮಧ್ಯೆ, ತೊಟ್ಟಿಲಿನ ಹಲಗೆಗಳನ್ನು ಕೌದಿಯಲ್ಲಿ ಸುತ್ತುತ್ತಿದ್ದಾಗ, ದೊಡ್ಡವ್ವ ತನ್ನ ತೀರ್ಮಾನ ಹೇಳಿದಳು.

"ತೊಟ್ಟಿಲಾ ಮುಟ್ಟಿಸ್ತೀನಿ, ಕೂಸಿನ್ನ ಕಣ್ತುಂಬ ನೋಡ್ತೀನಿ. ಆದ್ರ ತೊಟ್ಟಿಲದಾಗ ನಾ ಹಾಕಂಗಿಲ್ಲ. ಹಾಕುವಾಗ ಬಾಜು ಖೋಲ್ಯಾಗ ಕುಂದರ್ತೀನಿ."

ದೊಡ್ಡಪ್ಪ ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ಆಕೆ ಯಾರ ಮನೆಯ ತೊಟ್ಟಿಲ ಹಗ್ಗವನ್ನೂ ಹಿಡಿದಿಲ್ಲ. ಗಂಡ ಇರುವ ಮುತ್ತೈದೆಯರೇ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕಬೇಕು ಎಂಬುದು ನಡೆದುಬಂದ ಪದ್ಧತಿ. ನಾನು ಬಿಡುತ್ತೇನೆಯೇ? ನಮ್ಮದು ಲಿಂಗವಂತರ ಮನೆ. ಸೂತಕವಿಲ್ಲ, ಶಕುನವಿಲ್ಲ ಎಂದು ಕಲಿಸಿದ ಮನೆ. ಮೊದಲು ಶರಣರ ಕಡೆಯಿಂದ ವಾದಿಸಿದೆ. ಆಮೇಲೆ ಸಂವಿಧಾನದ ಕಡೆಯಿಂದ. ಕೊನೆಗೆ, ಆಕೆಯೇ ಹೆತ್ತು ಆಕೆಯೇ ತೂಗಿದ ಸುಮಕ್ಕ ಗಟ್ಟಿಮುಟ್ಟಾಗಿ ಸ್ಪೇನಿನಲ್ಲಿ ಓಡಾಡುತ್ತಿರುವುದನ್ನೇ ಸಾಕ್ಷಿಯಾಗಿ ಮುಂದಿಟ್ಟೆ. ದೊಡ್ಡವ್ವ ಎಲ್ಲದಕ್ಕೂ ಹೂಂಗುಟ್ಟಿದಳು. ನಂತರ ಒಂದೇ ಮಾತು ಹೇಳಿದಳು:

"ಹೋದ ಸಲಾ ಹಸರ ಸೀರಿ ನಾನ ಉಡಿಸಿದ್ನೆವ್ವಾ."

ಸುಮಕ್ಕನ ಮೊದಲ ಬಸಿರಿನಲ್ಲಿ, ಆಕೆ ಊರಿಗೆ ಬಂದಾಗ, ದೊಡ್ಡವ್ವ ಆಸೆ ತಡೆಯಲಾರದೆ ಮುತ್ತೈದೆಯರು ಉಡಿಸಬೇಕಾದ ಹಸಿರು ಸೀರೆಯನ್ನು ತಾನೇ ಕೈಯಾರೆ ಉಡಿಸಿದ್ದಳು. ಆ ಬಸಿರು ನಿಲ್ಲಲಿಲ್ಲ. ಹಾಗಾದರೆ ನಾನು ಇಷ್ಟು ಹೊತ್ತು ವಾದಿಸುತ್ತಿದ್ದುದು ಪದ್ಧತಿಯ ಜೊತೆಗಲ್ಲ, ಹೆದರಿಕೆಯ ಜೊತೆಗೆ. ಪದ್ಧತಿಗೆ ಉತ್ತರ ಕೊಡಲು ನನಗೆ ಬರುತ್ತದೆ. ಹೆದರಿಕೆಗೆ ಉತ್ತರವನ್ನು ಯಾವ ಚರ್ಚಾಸ್ಪರ್ಧೆಯಲ್ಲೂ ಕಲಿಸಿರಲಿಲ್ಲ. ಆದರೂ ಮನಸ್ಸಿನಲ್ಲೇ ನಿಶ್ಚಯಿಸಿದೆ: ಕೂಸನ್ನು ಈಕೆಯ ಕೈಯಿಂದಲೇ ತೊಟ್ಟಿಲಿಗೆ ಹಾಕಿಸಿ ವಾಪಸ್ಸು ಬರುತ್ತೇನೆ.

ವಿಮಾನ ನಿಲ್ದಾಣ

ತೊಟ್ಟಿಲು ಬಿಡಿಬಿಡಿಯಾಗಿ, ಕೌದಿ ಹೊದ್ದು, ದೊಡ್ಡ ಸಾಮಾನಿನ ಜೊತೆ ಸುಖವಾಗಿ ಹೋಯಿತು. ಸಿಕ್ಕಿಬಿದ್ದದ್ದು ಗುಂಡಕಲ್ಲು. ಕೂಸಿಗಿಂತ ಮೊದಲು ತೊಟ್ಟಿಲಿನಲ್ಲಿ ಒಂದು ಗುಂಡನೆಯ ಕಲ್ಲಿಗೆ ಕೂಸಿನ ಟೊಪ್ಪಿಗೆ, ಅಂದರೆ ಕುಂಚಿಗೆ ತೊಡಿಸಿ ಮಲಗಿಸುತ್ತಾರಲ್ಲ, ಅದು. ಅದನ್ನು ದೊಡ್ಡವ್ವ ದೊಡ್ಡ ಪೆಟ್ಟಿಗೆಗೆ ಹಾಕಲು ಒಪ್ಪದೆ, ಕೈಚೀಲದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು.

ತಪಾಸಣೆಯ ಹುಡುಗ ವಿಜಯಪುರ ಕಡೆಯವನು. ಚೀಲ ಬಿಚ್ಚಿ, ಕುಂಚಿಗೆ ತೊಟ್ಟ ಕಲ್ಲನ್ನು ನೋಡಿದವನೇ ನಕ್ಕ. ಅವನಿಗೆ ಏನನ್ನೂ ವಿವರಿಸಬೇಕಾಗಲಿಲ್ಲ. ಗಂಡೋ ಹೆಣ್ಣೋ ಎಂದು ಕೇಳಿದ, ಹೆಣ್ಣು ಅಂದದ್ದಕ್ಕೆ ಛಲೋ ಆತು ಅಂದ. "ಆದ್ರ ಗುಂಡಪ್ಪನ್ನ ವಿಮಾನದಾಗ ಬಿಡಾಕ ಬರಂಗಿಲ್ರಿ ಅಮ್ಮಾರ, ಕಲ್ಲ ಅಂದ್ರ ಕಲ್ಲರೀ" ಎಂದು ಅಷ್ಟೇ ಪ್ರೀತಿಯಿಂದ ನಿರಾಕರಿಸಿದ. ನಾನು ನಿಯಮದ ಯಾವ ಕಲಮಿನಲ್ಲಿ ಇದು ಬರುತ್ತದೆ ಎಂದು ಶುರು ಮಾಡಿದೆ. ದೊಡ್ಡವ್ವ ನನ್ನ ತೋಳು ಹಿಡಿದು ಎಳೆದಳು. ಅನುಮತಿ ಬೇಡಿ ಹೊರಗೆ ಹೋಗಿ, ನಮ್ಮನ್ನು ಕಳಿಸಲು ಬಂದು ಬಾಗಿಲಲ್ಲಿ ಇನ್ನೂ ನಿಂತಿದ್ದ ಅಪ್ಪನ ಕೈಗೆ ಕಲ್ಲನ್ನು ಕೊಟ್ಟು ಬಂದೆ. ಬೆಂಗಳೂರಿನಿಂದ ಊರಿಗೆ ಹೋಗುವ ಬಸ್ಸಿನಲ್ಲಿ ಅಪ್ಪ ಅದನ್ನು ಮಡಿಲಲ್ಲಿಟ್ಟುಕೊಂಡೇ ಹೋದರಂತೆ. ಪಕ್ಕದವರು ಕೂಸು ಯಾಕೆ ಅಳುತ್ತಿಲ್ಲ ಎಂದು ಕೇಳಿದರಂತೆ.

ಮಾಲಗಾ, ಮೊದಲ ಮಧ್ಯಾಹ್ನ

ಸಮುದ್ರದ ತಂಪು ಗಾಳಿ ಎಂದು ದೊಡ್ಡವ್ವನಿಗೆ ಊರಿನಿಂದ ಹೇಳಿಕೊಂಡು ಬಂದಿದ್ದೆ. ನಿಲ್ದಾಣದ ಬಾಗಿಲು ಸರಿದಾಗ ಬಂದದ್ದು ಒಲೆಯ ಬಾಯಿಯ ಝಳ. ಭಾವ ಸಂಕೋಚದಿಂದ ವಿವರಿಸಿದರು: ಕೆಲವು ದಿನ ಗಾಳಿ ಕಡಲಿನಿಂದಲ್ಲ, ಹಿಂದಿನ ಗುಡ್ಡಗಳಿಂದ ಇಳಿಯುತ್ತದೆ; ಅದಕ್ಕೆ ತೆರ್ರಾಲ್ ಎಂದು ಹೆಸರು; ಅದು ಬೀಸುವ ದಿನ ಸಮುದ್ರದ ಮಾತು ನಡೆಯುವುದಿಲ್ಲ.

"ಇದು ನಮ್ಮ ನವಲಗುಂದದ ಗಾಳಿ. ನಮಗಿಂತ ಮೊದಲ ಬಂದು ಕುಂತೈತಿ" ಅಂದಳು ದೊಡ್ಡವ್ವ. ಆಕೆಗೆ ಊರು ಅಲ್ಲಿಂದಲೇ ಹಿಡಿಸಿತು.

ದಾರಿಯುದ್ದಕ್ಕೂ ಅಂಗಡಿಗಳು ಮುಚ್ಚಿದ್ದವು, ಕಿಟಕಿಗಳಿಗೆಲ್ಲ ಪಟ್ಟಿ ಪರದೆ ಇಳಿದಿತ್ತು, ಬೀದಿಯಲ್ಲಿ ಕೆಂಪಗೆ ಬೆಂದ ಪ್ರವಾಸಿಗರನ್ನು ಬಿಟ್ಟರೆ ಒಂದು ನರಪಿಳ್ಳೆಯಿಲ್ಲ. ಈ ಮಧ್ಯಾಹ್ನದ ಮುಚ್ಚುವಿಕೆಯನ್ನು ಸೋಮಾರಿತನ ಎಂದು ಬರೆದದ್ದನ್ನು ನಾನು ಓದಿದ್ದೆ. ಆ ವಾದ ನಿಲ್ಲುವುದಿಲ್ಲ. ಮೇ ತಿಂಗಳ ಮಟಮಟ ಮಧ್ಯಾಹ್ನ ನವಲಗುಂದದ ಕಡೆಯ ತಿರ್ಲಾಪುರದ ಹೊಲದಲ್ಲಿ ನಿಂತವನನ್ನು ನಮ್ಮ ಕಡೆ ಯಾರೂ ಕಷ್ಟಜೀವಿ ಅನ್ನುವುದಿಲ್ಲ, ತಲಿ ಕೆಟ್ಟೈತೇನು ಅಂತ ಕೇಳುತ್ತಾರೆ.

ಇನ್ನೊಂದು ಸಂಗತಿಯೂ ದೊಡ್ಡವ್ವನಿಗೆ ಮೆಚ್ಚುಗೆಯಾಯಿತು. ಅಲ್ಲಿಯ ಕಾಫಿ ಅಂಗಡಿಗಳಲ್ಲಿ ಹಾಲು ಎಷ್ಟು, ಕಾಫಿ ಎಷ್ಟು ಎಂಬುದರ ಮೇಲೆ ಒಂದೊಂದು ಲೋಟಕ್ಕೂ ಬೇರೆ ಹೆಸರು. ಸ್ವಲ್ಪ ಕಾಫಿಯದಕ್ಕೆ ನೆರಳು, ಹೆಸರಿಗಷ್ಟೇ ಕಾಫಿ ಇದ್ದದ್ದಕ್ಕೆ ಮೋಡ. ದೊಡ್ಡವ್ವ ಇದ್ದಷ್ಟು ದಿನವೂ ಮೋಡವನ್ನೇ ಕುಡಿದಳು. ಹಾಲು ಜಾಸ್ತಿ ಹಾಕಿದ್ದಕ್ಕೆ ಇಷ್ಟು ಚಂದದ ಹೆಸರು ಕೊಟ್ಟಿದ್ದಾರೆ, ನೀರು ಜಾಸ್ತಿ ಹಾಕುವ ನಮ್ಮ ಬಸ್‌ಸ್ಟ್ಯಾಂಡಿನ ಚಹಾಕ್ಕೂ ಯಾರಾದರೂ ಒಂದು ಹೆಸರು ಹುಡುಕಬೇಕು ಅಂದಳು.

ಬಿಳಿ ಮಾಳಿಗೆ

ಮರುದಿನ ಬೆಳಿಗ್ಗೆ ಭಾವ ಮತ್ತು ನಾನು ಹಲಗೆಗಳನ್ನು ಜೋಡಿಸಿದೆವು. ಕೆಂಪು, ಹಳದಿ, ಹಸಿರು ಅರಗಿನ ಬಣ್ಣ ಆ ಬಿಳಿ ಕೋಣೆಯಲ್ಲಿ ಅರಚಿದಂತೆ ಹೊಳೆಯಿತು. ಸುಮಕ್ಕ ಅದರ ಅಂಚನ್ನು ಸವರುತ್ತ ಕೂತಳು. ದೊಡ್ಡವ್ವ ಸರಪಳಿಗಳನ್ನು ಕೈಯಲ್ಲಿ ಹಿಡಿದು ತಲೆಯೆತ್ತಿ ನೋಡಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ಕೊಂಡಿ ಎಲ್ಲೈತಿ?"

ಮೇಲೆ ನುಣುಪಾದ ಬಿಳಿ ಮಾಳಿಗೆ. ಒಂದು ಮೊಳೆಯ ಗುರುತೂ ಇಲ್ಲ.

ಮರ ಒಯ್ಯುವ ನಿಯಮ, ತೂಕ, ಅಳತೆ ಎಲ್ಲವನ್ನೂ ತಿಂಗಳುಗಟ್ಟಲೆ ವಿಚಾರಿಸಿದ್ದ ನಮಗೆ, ಅದನ್ನು ಎಲ್ಲಿಗೆ ತೂಗುಹಾಕುವುದು ಎಂದು ಕೇಳಬೇಕೆಂದೇ ತೋಚಿರಲಿಲ್ಲ. ತೋಚುವುದಾದರೂ ಹೇಗೆ? ನಮ್ಮ ಕಡೆ ಹೊಸ ಆರ್‌ಸಿಸಿ ಮನೆಗೂ ಸ್ಲ್ಯಾಬು ಹಾಕುವಾಗಲೇ ಗೌಂಡಿ ಕೊಂಡಿ ಬಿಟ್ಟಿರುತ್ತಾನೆ. ಮದುವೆಯಾಗದ ಹುಡುಗ ಕಟ್ಟಿಸಿದ ಮನೆಯಾದರೂ ಸರಿ. ಕೊಂಡಿಯಿಲ್ಲದ ಮನೆಯನ್ನು ಮನೆ ಎಂದು ಕಲ್ಪಿಸಿಕೊಳ್ಳುವುದು ನಮಗೆ ಸಾಧ್ಯವಿರಲಿಲ್ಲ. ಮಾಳಿಗೆಗೆ ತೂತು ಕೊರೆಯುವಂತಿಲ್ಲ ಎಂದು ಮನೆಯ ಮಾಲೀಕ ಬಾಡಿಗೆ ಕರಾರಿನಲ್ಲೇ ಹಾಕಿದ್ದನಂತೆ. ಆ ಕರಾರನ್ನು ಓದಿ ಅದರಲ್ಲಿ ಸಂದು ಹುಡುಕಲು ನಾನು ಸಿದ್ಧಳಾದೆ. ಅದು ಸ್ಪ್ಯಾನಿಷ್‌ನಲ್ಲಿದೆ ಎಂದು ಭಾವ ಮೆಲ್ಲಗೆ ನೆನಪಿಸಿದರು.

ಅಂಗಳ

ಅವರು ಇದ್ದದ್ದು ಹಳೆಯ ಕಾಲದ ವಠಾರ. ನಡುವೆ ದೊಡ್ಡ ಅಂಗಳ, ಸುತ್ತಲೂ ಮನೆಗಳು, ಗೋಡೆಯ ತುಂಬ ಹೂವಿನ ಕುಂಡಗಳು. ಮೇಲಂತಸ್ತಿನ ಸುಮಕ್ಕನ ಮನೆಯನ್ನು ಹೊಸದಾಗಿ ರಿಪೇರಿ ಮಾಡಿದ್ದರು. ಕೆಳಗಿನವು ಹಳೆಯವು, ಮುಂದೆ ಅಂಗಳಕ್ಕೆ ತೆರೆದ ಮರದ ತೊಲೆಯ ಪಡಸಾಲೆ ಇದ್ದಂಥವು. ಅಂತಹ ಒಂದು ಮನೆಯಲ್ಲಿ ಎನ್ಕಾರ್ನಾ ಎಂಬ ಮುದುಕಿ ಒಬ್ಬಳೇ ಇದ್ದಳು. ಸಂಜೆಯಾದರೆ ಬಾಗಿಲ ಮುಂದೆ ಕುರ್ಚಿ ಹಾಕಿ ಕೂತು ಹೋಗಿಬರುವವರನ್ನೆಲ್ಲ ತಡೆದು ಮಾತಾಡಿಸುವವಳು. ನಮ್ಮ ಕಡೆಯ ಕಟ್ಟೆಗೆ ನಾಲ್ಕು ಕಾಲು ಹಚ್ಚಿದಂತೆ ಆಕೆಯ ಕುರ್ಚಿ.

ಕೊಂಡಿಯ ಸಮಸ್ಯೆ ಆಕೆಗೆ ತಲುಪಲು ಅರ್ಧ ದಿನವೂ ಹಿಡಿಯಲಿಲ್ಲ. ದೊಡ್ಡವ್ವನ ಕೈಹಿಡಿದು ತನ್ನ ಪಡಸಾಲೆಗೆ ಕರೆದೊಯ್ದು ತೊಲೆ ತೋರಿಸಿದಳು. ಅಲ್ಲಿ ಗಟ್ಟಿಮುಟ್ಟಾದ ಕಬ್ಬಿಣದ ಬಳೆಗಳು. ಆಕೆಯ ಗಂಡ ಹಕ್ಕಿಯ ಪಂಜರಗಳನ್ನು ಅಲ್ಲಿ ತೂಗುಹಾಕುತ್ತಿದ್ದನಂತೆ. ಗಂಡ ಹೋದ ಮೇಲೆ ಹಕ್ಕಿಗಳನ್ನು ಯಾರಿಗೋ ಕೊಟ್ಟಳಂತೆ, ಬಳೆಗಳು ಉಳಿದವು. ನಿಮ್ಮ ತೊಟ್ಟಿಲು ಇಲ್ಲೇ ತೂಗಲಿ ಎಂದು ಸುಮಕ್ಕನ ಬಾಯಿಂದ ಹೇಳಿಸಿದಳು. ದೊಡ್ಡವ್ವ ಬಳೆಗೆ ಜೋತುಬಿದ್ದು ಜಗ್ಗಿ ನೋಡಿ, ಅಗದಿ ಭೇಷ್ ಐತಿ ಎಂದು ಒಪ್ಪಿದಳು.

ಒಳಗೆ ಗೋಡೆಯ ಮೇಲೆ ಒಬ್ಬ ಮೀಸೆಯ ಗಂಡಸಿನ ಫೋಟೋ, ಮುಂದೆ ಪುಟ್ಟ ದೀಪ. ದೊಡ್ಡವ್ವ ಅದನ್ನು ಬಹಳ ಹೊತ್ತು ನೋಡಿದಳು. ಮೆಟ್ಟಿಲು ಹತ್ತುವಾಗ, "ಆಕಿನೂ ನನ್ನಂಗ" ಅಂದಳು, ಅಷ್ಟೇ.

ಅಂದಿನಿಂದ ಬಾಗಿಲ ಮುಂದೆ ಎರಡು ಕುರ್ಚಿ. ಈಕೆ ಕನ್ನಡದಲ್ಲಿ, ಆಕೆ ಸ್ಪ್ಯಾನಿಷ್‌ನಲ್ಲಿ. ಮೊಣಕಾಲ ನೋವು, ಸೊಸೆಯಂದಿರು, ಬೆಂಡೆಕಾಯಿ ಇಷ್ಟು ವಿಷಯಗಳು ಭಾಷೆಯಿಲ್ಲದೆ ಸರಾಗವಾಗಿ ನಡೆದದ್ದನ್ನು ನಾನೇ ಕಣ್ಣಾರೆ ಕಂಡೆ. ಇಬ್ಬರೂ ಒಂದೇ ಸಲಕ್ಕೆ ಮಾತಾಡುತ್ತಿದ್ದರು. ಯಾರಿಗೂ ಎದುರಾಳಿಯ ಮಾತು ಕೇಳುವ ಅಗತ್ಯ ಬೀಳಲಿಲ್ಲ. ಚರ್ಚಾಸ್ಪರ್ಧೆಗಳಲ್ಲೂ ಹೀಗೇ ಎಂದು ಬೇರೆ ಹೇಳಬೇಕಿಲ್ಲ.

ದಂಡೆ

ತೆರ್ರಾಲ್ ಇಳಿದ ಸಂಜೆ ಎಲ್ಲರೂ ಕಡಲಿಗೆ ಹೋದೆವು. ಮಾಲಗಾದ ಮರಳು ಬಿಳಿಯದಲ್ಲ, ಕಪ್ಪು ಬೂದು. ದೊಡ್ಡವ್ವ ಒಂದು ಹಿಡಿ ತೆಗೆದು ತಿಕ್ಕಿ ನೋಡಿ, ಎರಿ ಭೂಮಿಯಂಗ ಐತಿ, ಆದ್ರ ಅಂಟಂಗಿಲ್ಲ ಅಂದಳು. ಭಾವ ಮಣ್ಣಿನ ಪರೀಕ್ಷೆಯವರಾದ್ದರಿಂದ ಏನೋ ಹೇಳಲು ಹೊರಟು, ಅತ್ತೆಯ ಮುಂದೆ ಬೇಡವೆಂದು ಬಿಟ್ಟರು. ದಂಡೆಯ ಮೇಲೆ ಹಳೆಯ ದೋಣಿಗಳಿಗೆ ಮರಳು ತುಂಬಿ, ಬೆಂಕಿ ಮಾಡಿ, ಬೆತ್ತದ ಕಡ್ಡಿಗೆ ಪೋಣಿಸಿದ ಮೀನು ಸುಡುತ್ತಿದ್ದರು. ದೊಡ್ಡವ್ವ ಸೆರಗನ್ನು ಮೂಗಿಗೆ ಹಿಡಿದಳು, ಕಣ್ಣನ್ನು ಮಾತ್ರ ಆ ಕಡೆಯೇ ಇಟ್ಟಳು. ನಮ್ಮೂರಲ್ಲಿ ಎಳೆ ಜೋಳದ ಸೀತನಿ ಸುಡುವವರೂ ಹೀಗೇ ಗಾಳಿಗೆ ಬೆನ್ನು ಕೊಟ್ಟು ಕೂರುತ್ತಾರೆ ಎಂದು ಆಮೇಲೆ ಹೇಳಿದಳು.

ಒಬ್ಬ ಮಲ್ಲಿಗೆ ಮಾರುತ್ತ ಬಂದ. ಅಲ್ಲಿ ಹೂವನ್ನು ದಂಡೆ ಕಟ್ಟುವುದಿಲ್ಲ. ಒಣಗಿದ ಒಂದು ಕಾಡುಗಿಡದ ಕಡ್ಡಿಗಳಿಗೆ ಮೊಗ್ಗುಗಳನ್ನು ಒಂದೊಂದಾಗಿ ಚುಚ್ಚಿ ಚೆಂಡಿನಂತೆ ಮಾಡುತ್ತಾರೆ. ನಮ್ಮ ಜೊತೆ ಬಂದಿದ್ದ ಎನ್ಕಾರ್ನಾ ಎರಡು ಕೊಂಡು, ಒಂದನ್ನು ತನ್ನ ಎದೆಗೆ ಸಿಕ್ಕಿಸಿಕೊಂಡು, ಇನ್ನೊಂದನ್ನು ದೊಡ್ಡವ್ವನ ಕಡೆ ಚಾಚಿದಳು. ದೊಡ್ಡವ್ವ ತಗೊಂಡಳು, ಮೂಸಿದಳು, ಸುಮಕ್ಕನ ಕೈಗೆ ದಾಟಿಸಿದಳು. ಅಷ್ಟರಲ್ಲೇ ನಾನು ಬಾಯಿ ತೆರೆದೆ: ನೋಡು, ಆಕೆ ಮುಡಿಯುವುದಿಲ್ಲವೇ, ಆಕೆಗೆ ಏನಾಗಿದೆ? ದೊಡ್ಡವ್ವ ಕಡಲನ್ನೇ ನೋಡುತ್ತ ಉತ್ತರ ಕೊಟ್ಟಳು.

"ಆಕಿ ಹೂ ಆಕಿ ಮುಡದಾಳ, ಏನಾದ್ರೂ ಆಕಿಗಷ್ಟ. ಕೂಸು ಸುಮಿದೈತಿ."

ತೊಟ್ಟಿಲ ದಿನ

ಮುತ್ತೈದೆಯರ ವ್ಯವಸ್ಥೆಯೂ ಆಗಿತ್ತು. ಐವರು ಬೇಕು, ಪರದೇಶದಲ್ಲಿ ಒಬ್ಬಳಾದರೂ ನಡೆಯುತ್ತದೆ ಎಂಬ ರಿಯಾಯಿತಿಗೆ ದೊಡ್ಡವ್ವ ಒಪ್ಪಿದ್ದಳು. ಹತ್ತಿರದ ಗ್ರನಾಡಾ ಊರಿನಲ್ಲಿದ್ದ ಒಬ್ಬ ತೆಲುಗು ಹೆಣ್ಣುಮಗಳು, ಸುಮಕ್ಕನ ಗೆಳತಿ, ಗಂಡನೊಂದಿಗೆ ಬರುವವಳಿದ್ದಳು. ಹೆಸರು ಕರೆಯುವ ಸೋದರತ್ತೆ, ಅಂದರೆ ಭಾವನ ತಂಗಿ, ಅಣ್ಣಿಗೇರಿಯಿಂದ ವಿಡಿಯೋ ಕಾಲ್‌ನಲ್ಲಿ. ಗುಂಡಕಲ್ಲಿನ ಬದಲಿಗೆ ಎನ್ಕಾರ್ನಾಳ ಹಿತ್ತಾಳೆಯ ಕುಟ್ಟಾಣಿಗೆ ಕುಂಚಿಗೆ ತೊಡಿಸಿದ್ದೆವು. ತೊಲೆಗೆ ತೊಟ್ಟಿಲು, ತೊಟ್ಟಿಲ ತುಂಬ ಹೂವು. ಬಾಜು ಖೋಲಿಯಲ್ಲಿ ದೊಡ್ಡವ್ವನಿಗೊಂದು ಕುರ್ಚಿ; ಅದನ್ನು ಆಕೆಯೇ ಹಾಕಿಕೊಂಡಿದ್ದಳು.

ಅಷ್ಟರಲ್ಲಿ ಗ್ರನಾಡಾದಿಂದ ಫೋನು. ಗೆಳತಿಯ ಮಗನಿಗೆ ಜ್ವರ, ಬರಲಾಗುವುದಿಲ್ಲ, ಕ್ಷಮಿಸಿ.

ಉಳಿದವರು ಯಾರು? ಸುಮಕ್ಕ ತಾಯಿ, ತಾನೇ ತನ್ನ ಕೂಸನ್ನು ಹಾಕುವಂತಿಲ್ಲ. ನಾನು ಮದುವೆಯಾಗದವಳು. ಅಣ್ಣಿಗೇರಿಯ ಅತ್ತೆ ಪಕ್ಕಾ ಮುತ್ತೈದೆ, ಆದರೆ ಫೋನಿನೊಳಗಿದ್ದಾಳೆ. ಎಲ್ಲರೂ ಒಮ್ಮೆ ತೊಟ್ಟಿಲನ್ನು, ಒಮ್ಮೆ ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿಂತೆವು. ಕೂಸು ಸುಮಕ್ಕನ ತೋಳಿನಲ್ಲಿ ಮಿಸುಕಾಡಲು ಶುರು ಮಾಡಿತು.

ಹೊಸ ಇಸ್ತ್ರಿಯ ಲಂಗ ತೊಟ್ಟು, ಕೂದಲು ಬಾಚಿ ಸಿದ್ಧವಾಗಿ ನಿಂತಿದ್ದ ಎನ್ಕಾರ್ನಾ ಸುಮಕ್ಕನನ್ನು ಏನೋ ಕೇಳಿದಳು.

"ಯಾರ ಸಲುವಾಗಿ ಕಾಯಾಕತ್ತೀರಿ ಅಂತ ಕೇಳಾಕತ್ತಾಳ" ಅಂದಳು ಸುಮಕ್ಕ.

ಇಷ್ಟು ದಿನ ಕಾದ ಘಳಿಗೆ ಇದೇ ಎಂದು ನನಗನ್ನಿಸಿತು. ಇಡೀ ಪದ್ಧತಿಯನ್ನು ಗಟ್ಟಿಯಾಗಿ, ಹೊರಗಿನವರೊಬ್ಬರ ಮುಂದೆ ಹೇಳಿದರೆ ಸಾಕು, ಅದರ ಅನ್ಯಾಯ ತಾನಾಗಿ ಬಯಲಾಗುತ್ತದೆ. "ಇದ್ದದ್ದ ಇದ್ದಂಗ ಹೇಳಿಬಿಡಕ್ಕಾ" ಅಂದೆ.

ದೊಡ್ಡವ್ವ ಖೋಲಿಯ ಬಾಗಿಲಿಗೆ ಬಂದಿದ್ದಳು. "ಹೇಳಬ್ಯಾಡ. ಆಕಿ ಮನ್ಯಾಗ ನಿಂತು, ಆಕಿ ಮಾರಿಗೇ ಆ ಮಾತ ಹೇಳೂದೇನ? ನಾಲಿಗಿ ಹೆಂಗರ ಬರತೈತಿ ನಿನಗ?"

ಮಾತು ಸರಿಯಿದೆಯೇ ಎಂದು ಮಾತ್ರ ನಾನು ನೋಡಿದ್ದೆ. ಅದು ಯಾರ ಎದೆಗೆ ಹೋಗಿ ಬೀಳುತ್ತದೆ ಎಂದು ನೋಡಿರಲಿಲ್ಲ.

ಯಾರೂ ಉತ್ತರ ಕೊಡದ್ದನ್ನು ಕಂಡ ಎನ್ಕಾರ್ನಾ, ಕಾಯುವುದು ಸಾಕು ಅನ್ನುವ ಹಾಗೆ ನಕ್ಕು, ಕೂಸಿಗಾಗಿ ಎರಡೂ ಕೈ ಚಾಚಿದಳು. ಸುಮಕ್ಕ ತಾಯಿಯ ಮುಖ ನೋಡಿದಳು. ದೊಡ್ಡವ್ವ ಬೇಡ ಅನ್ನಬಹುದಿತ್ತು. ಆ ಪದ ಎಲ್ಲ ಭಾಷೆಗೂ ತಿಳಿಯುತ್ತದೆ. ಆಕೆ ಅನ್ನಲಿಲ್ಲ. ಸುಮಕ್ಕ ಕೂಸನ್ನು ಕೊಟ್ಟಳು.

ಎನ್ಕಾರ್ನಾ ತೊಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟಿರಬೇಕು. ದೊಡ್ಡವ್ವ ಹೊಸ್ತಿಲು ದಾಟಿ ಓಡಿಬಂದಳು. ತಡೆಯಲು ಬಂದಳು ಎಂದೇ ನಾನು ತಿಳಿದೆ. ಆಕೆ ಎನ್ಕಾರ್ನಾಳ ಕೈಗಳ ಕೆಳಗೆ ತನ್ನ ಕೈಗಳನ್ನೂ ಸೇರಿಸಿದಳು. ಕೂಸಿನ ತಲೆ ಆಕೆಯ ಅಂಗೈಯಲ್ಲಿ, ಕಾಲು ಈಕೆಯ ಅಂಗೈಯಲ್ಲಿ.

"ಆಕಿ ಒಬ್ಬಾಕಿ ಮ್ಯಾಲೆ ಯಾಕ ಬರಬೇಕು" ಅಂದಳು, ನಮ್ಮ ಯಾರನ್ನೂ ನೋಡದೆ. "ಆಗೂದೇನರ ಇದ್ರ ನನ್ನ ಮ್ಯಾಲೂ ಇರಲಿ."

ಇಬ್ಬರೂ ಕೂಡಿ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದರು. ಫೋನನ್ನು ಕೂಸಿನ ಕಿವಿಗೆ ಹಿಡಿದಾಗ ಅಣ್ಣಿಗೇರಿಯ ಅತ್ತೆ, ದೂರ ಬಹಳವಿದೆ ಎಂದು ಪಾಪ, ಇಡೀ ವಠಾರಕ್ಕೆ ಕೇಳುವ ಹಾಗೆ ಹೆಸರು ಕರೆದಳು. ಕೂಸು ಬೆಚ್ಚಿಬಿದ್ದು ಅತ್ತಿತು. ಆಮೇಲೆ ದೊಡ್ಡವ್ವ ಜೋಗುಳ ಹಾಡಿದಳು. ಎನ್ಕಾರ್ನಾ ತನ್ನದೊಂದನ್ನು ಹಾಡಿದಳು. ಎಂದಿನಂತೆ ಇಬ್ಬರೂ ಒಂದೇ ಸಲಕ್ಕೆ.

ನಾನು ಗೆದ್ದೆ ಎಂದು ಬರೆಯಲು ಬರುವುದಿಲ್ಲ. ದೊಡ್ಡವ್ವ ನನ್ನ ಒಂದು ವಾದವನ್ನೂ ಒಪ್ಪಿರಲಿಲ್ಲ. ಆಕೆಯ ಹೆದರಿಕೆ ಇದ್ದಲ್ಲೇ ಇತ್ತು. ಅದನ್ನು ಹೊತ್ತುಕೊಂಡೇ ಆಕೆ ಮುಂದೆ ಬಂದಿದ್ದಳು. ಅಂದು ಮಧ್ಯಾಹ್ನವಿಡೀ ಆಕೆ ತೊಟ್ಟಿಲ ಬಳಿಯಿಂದ ಏಳಲಿಲ್ಲ. ಮತ್ತೆ ಮತ್ತೆ ಕೂಸಿನ ಹಣೆ ಮುಟ್ಟಿದಳು, ಮೂಗಿನ ಮುಂದೆ ಬೆರಳು ಹಿಡಿದಳು. ಊಟಕ್ಕೆ ಕರೆದರೆ ಆಮ್ಯಾಲ ಅಂದಳು. ಎನ್ಕಾರ್ನಾ ತನ್ನ ತಾಟು ತಂದು, ಪಕ್ಕದಲ್ಲಿ ಕೂತು ಉಂಡಳು.

ಮರುದಿನ

ಬೆಳಿಗ್ಗೆ ಎದ್ದಾಗ ಮೇಲಿನ ಮನೆಯಲ್ಲಿ ದೊಡ್ಡವ್ವನೂ ಇರಲಿಲ್ಲ, ಕೂಸೂ ಇರಲಿಲ್ಲ. ಸುಮಕ್ಕ ನಿದ್ದೆಯಲ್ಲಿದ್ದಳು. ಕೆಳಗೆ ಇಳಿದೆ. ಎನ್ಕಾರ್ನಾಳ ಬಾಗಿಲು ಇನ್ನೂ ತೆರೆದಿರಲಿಲ್ಲ, ಅಂಗಳದ ಕುಂಡಗಳಿಗೆ ಯಾರೋ ನೀರು ಹಾಕಿ ಹೋಗಿದ್ದರು. ಪಡಸಾಲೆಯಲ್ಲಿ ತೊಟ್ಟಿಲು ತೂಗುತ್ತಿತ್ತು. ಕೂಸಿಗೆ ಎರೆದು, ಹಣೆಗೆ ವಿಭೂತಿ ಹಚ್ಚಿ, ಮಲಗಿಸಿ, ದೊಡ್ಡವ್ವ ಒಬ್ಬಳೇ ಹಗ್ಗ ಹಿಡಿದು ನಿಂತಿದ್ದಳು.

"ಒಬ್ಬಾಕೀನ ಹಾಕಿದ್ಯಾ ಬೇ?" ಎಂದು ಕೇಳಿದೆ.

ಆಕೆ ಹಗ್ಗ ಬಿಡಲಿಲ್ಲ. ಕೂಸಿನ ಉಸಿರನ್ನೇ ನೋಡುತ್ತಿದ್ದಳು.

"ನಿನ್ನಿ ಏನೂ ಆಗಲಿಲ್ಲ" ಅಂದಳು. "ಇವತ್ತೊಂದ ದಿನಾ ನೋಡೂಣು."

ನಾವು ಮಾಲಗಾದಲ್ಲಿ ಇದ್ದಷ್ಟು ದಿನವೂ ಆಕೆ ಹಾಗೇ ನೋಡಿದಳು. ದಿನಾ ಮುಂಜಾನೆ ಹಾಕುವುದು, ದಿನಾ ಅದೇ ಮಾತು.